ನೀಲಕ್ಕನ ಲೈನಿನ ಹಾಲೆ ಕಷಾಯ

ಲಾಯಿಲದಲ್ಲಿ ನೀಲಕ್ಕನ ಲೈನು ಮನೆ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬಸ್ಸಿನಿಂದಿಳಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಸಾಕು, ಅವಳ ಸ್ವರವೇ ದಾರಿ ತೋರಿಸುತ್ತದೆ. ಗಂಡ ಕಮಲಾಕ್ಷ ಬೆಳ್ತಂಗಡಿ ಪೇಟೆಯಲ್ಲಿ ಹೋಟೆಲು ಇಟ್ಟಿದ್ದ ಕಾಲದಲ್ಲಿ ಹುಟ್ಟಿದ ಸ್ವರ ಅದು. "ಮೂರು ಚಾ, ಎರಡು ಬನ್ಸ್, ಒಂದಕ್ಕೆ ಸಕ್ಕರೆ ಇಲ್ಲ!" ಎಂದು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಅವಳು ಕೂಗಿದರೆ ಅಡುಗೆಮನೆಯವನಿಗೆ ಮಾತ್ರವಲ್ಲ, ರಸ್ತೆಯ ಆಚೆ ಬದಿಯ ದರ್ಜಿಗೂ ಕೇಳುತ್ತಿತ್ತು. ಕಮಲಾಕ್ಷ ತೀರಿಹೋದ ಮೇಲೆ ಹೋಟೆಲನ್ನು ಒಬ್ಬಳೇ ನಡೆಸಿದಳು. ಸೊಂಟ ಸೋತಾಗ ಅದನ್ನು ಮಾರಿ ಲಾಯಿಲದಲ್ಲಿ ಒಂದೇ ಮಾಡಿನ ಕೆಳಗೆ ಸಾಲಾಗಿ ಮೂರು ಬಾಗಿಲಿನ ಮನೆ ಕಟ್ಟಿಸಿದಳು. ಒಂದರಲ್ಲಿ ತಾನು, ಮಗಳು ಜ್ಯೋತ್ಸ್ನಾ ಮತ್ತು ಮೊಮ್ಮಗಳು ಪ್ರಾಪ್ತಿ. ಅಳಿಯ ಗಲ್ಫಿನಲ್ಲಿ. ಉಳಿದವು ಬಾಡಿಗೆಗೆ.

ಬಾಡಿಗೆಗೆ ಬರುವವರಿಗೆ ನೀಲಕ್ಕನ ಕಾನೂನು ಕಡಿಮೆ, ಆದರೆ ಗಟ್ಟಿ. ಬಾವಿಕಟ್ಟೆಯಲ್ಲಿ ಉಗುಳಬಾರದು. ಗಂಡ ಹೆಂಡತಿ ಜಗಳ ಬಾಗಿಲು ಹಾಕಿಕೊಂಡು ಮಾಡಬೇಕು. ನಡುಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಎಲ್ಲರೂ ಅವಳ ಜಗಲಿಗೆ ಬಂದು ಹಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು, ಜಾತಿ ಮತ ಊರು ಯಾವುದೂ ಲೆಕ್ಕಕ್ಕಿಲ್ಲ. "ಕುಡಿದರೆ ವರ್ಷವಿಡೀ ಆಸ್ಪತ್ರೆ ಮೆಟ್ಟಿಲು ಹತ್ತುವುದು ಬೇಡ" ಎಂಬುದು ಅವಳ ವಾದ. ಹಿಂದಿನ ಆಟಿಗೆ ಕುಡಿದು ಮರುವಾರವೇ ಜ್ವರ ಬಂದು ಮಲಗಿದ ಬಾಡಿಗೆದಾರ ದೇವಿಪ್ರಸಾದ್ ಮಾಷ್ಟ್ರು ಅದನ್ನು ನೆನಪಿಸಿದಾಗ, "ನೀವು ಅರ್ಧ ಗ್ಲಾಸು ತೆಂಗಿನ ಬುಡಕ್ಕೆ ಚೆಲ್ಲಿದ್ದನ್ನು ನಾನು ನೋಡಲಿಲ್ಲ ಅಂತ ಮಾಡಿದ್ದೀರಾ?" ಎಂದು ಬಾಯಿ ಮುಚ್ಚಿಸಿದ್ದಳು.

ಈ ಲೈನಿಗೆ ಈ ಬೇಸಿಗೆಯ ಕೊನೆಯಲ್ಲಿ ಬಂದವರು ಶಿವಪುತ್ರ ಮತ್ತು ಕಸ್ತೂರಿ. ಅವನು ವಿದ್ಯುತ್ ಕಂಪೆನಿಯ ಲೈನ್‌ಮ್ಯಾನ್. ಊರು ಗದಗದ ಆಚೆ ರೋಣದ ಕಡೆ. ನೀಲಕ್ಕನ ಬಾಯಲ್ಲಿ ಅವರಿಗೆ ಒಂದೇ ಹೆಸರು: ಘಟ್ಟದ ಮೇಲಿನವರು. "ಇವರು ನಿಲ್ಲುವ ಜನ ಅಲ್ಲ. ಮಳೆ ನೋಡಿದ ಕೂಡಲೇ ಟ್ರಾನ್ಸ್‌ಫರ್‌ಗೆ ಬರೆಯುತ್ತಾರೆ" ಎಂದು ಮೊದಲ ದಿನವೇ ಮಗಳಿಗೆ ಹೇಳಿಬಿಟ್ಟಿದ್ದಳು.

ಮರುದಿನ ಬೆಳಕು ಹರಿಯುವ ಮೊದಲೇ ಪಕ್ಕದ ಗೋಡೆಯಿಂದ ಪಟಪಟ ಪಟಪಟ ಎಂದು ಹೊಡೆಯುವ ಸದ್ದು. ಅಯ್ಯೋ ದೇವರೇ, ಬಂದ ಎರಡನೇ ದಿನವೇ ಹೆಂಡತಿಗೆ ಹೊಡೆಯುತ್ತಿದ್ದಾನಲ್ಲ ಎಂದು ನೀಲಕ್ಕ ಅಂಗಳ ಗುಡಿಸುವ ಹಿಡಿಸೂಡಿ ಹಿಡಿದು ಒಳನುಗ್ಗಿದಳು. ನೋಡಿದರೆ ಕಸ್ತೂರಿ ನೆಲದ ಮೇಲೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ, ಶಿವಪುತ್ರ ಪಕ್ಕದಲ್ಲಿ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದಾನೆ. "ಬರ್ರಿ ನೀಲಕ್ಕಾರ, ಬಿಸಿ ರೊಟ್ಟಿ ತಿನ್ರಿ" ಎಂದ ಅವನು, ಹಿಡಿಸೂಡಿ ಕಾಣಿಸದವನ ಹಾಗೆ. ಅವಳು ಹಿಡಿಸೂಡಿಯನ್ನು ಬೆನ್ನ ಹಿಂದೆ ಅಡಗಿಸಿ ಒಂದು ತಿಂದಳು, ಇನ್ನೊಂದು ಕೇಳಿದಳು.

ಜೂನ್ ಬಂದಾಗ ಕಸ್ತೂರಿ ಅತ್ತಳು. "ಒಗದ ಬಟ್ಟಿ ಎಂಟು ದಿನಾ ಆದ್ರೂ ಒಣಗವಲ್ದ್ರಿ ನೀಲಕ್ಕಾರ, ಸೂರ್ಯಪ್ಪ ಎಲ್ಲಿ ಹೋದ್ನ್ರಿ?" ನೀಲಕ್ಕ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದನ್ನು ಕಲಿಸಿದಳು, ಕುಚ್ಚಲಕ್ಕಿ ಗಂಜಿ ಉಣ್ಣುವುದನ್ನು ಕಲಿಸಿದಳು. ಶಿವಪುತ್ರನಿಗೆ ಮಾತ್ರ ಏನನ್ನೂ ಕಲಿಸಲಾಗಲಿಲ್ಲ, ಅವನು ಮನೆಯಲ್ಲಿದ್ದರೆ ತಾನೇ? ಗಾಳಿ ಬಂದರೆ ಕಂಬ, ಮಳೆ ಬಂದರೆ ತಂತಿ. ಪ್ರಾಪ್ತಿ ಅವನನ್ನು ಕರೆಂಟ್ ಮಾಮ ಎಂದು ಕರೆಯುತ್ತಿದ್ದಳು. ಲೈಟು ಹೋದಾಗೆಲ್ಲ ಅವನ ಬಾಗಿಲು ತಟ್ಟಿ, "ಮಾಮ, ನೀನು ತೆಗೆದದ್ದಾ?" ಎಂದು ಜಬರದಸ್ತಿನಲ್ಲಿ ಕೇಳುತ್ತಿದ್ದಳು.

ಪ್ರತಿ ವರ್ಷ ತೊಗಟೆ ತರುವವನು ಮೇಲಿನ ಮನೆಯ ಮುದುಕ ಮುಂಡಪ್ಪ. ಅದಕ್ಕೊಂದು ಕ್ರಮ ಉಂಟು. ಹಿಂದಿನ ಸಂಜೆ ಮರದ ಬುಡಕ್ಕೆ ಹೋಗಿ, ನಾಳೆ ಬರುತ್ತೇವೆ ಎಂದು ಹೇಳಿ ಗುರುತು ಕಟ್ಟಿ ಬರಬೇಕು. ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ಹೋಗಿ ಕಲ್ಲಿನಿಂದಲೇ ಜಜ್ಜಿ ತೊಗಟೆ ತೆಗೆಯಬೇಕು, ಕತ್ತಿ ಸೋಕಿಸಬಾರದು. ಗುರುತು ಕಟ್ಟುವುದು ಬರೀ ಶಾಸ್ತ್ರಕ್ಕಲ್ಲ. ಕತ್ತಲಲ್ಲಿ ಹಾಲೆಯ ಬದಲು ಕಾಸರ್ಕನ ಮರದ ತೊಗಟೆ ತಂದರೆ ಕಷಾಯ ಅಲ್ಲ, ವಿಷ. ಕುಡಿದವರ ದವಡೆ ಕಚ್ಚಿಕೊಂಡು, ಮೈ ಬಿಲ್ಲಿನ ಹಾಗೆ ಬಗ್ಗಿ ಪ್ರಾಣ ಹೋದ ಕಥೆಯನ್ನು ಈ ಕಡೆ ಪ್ರತಿ ಆಟಿಯಲ್ಲೂ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಎರಡೂ ಕಹಿಯೇ. ನಾಲಗೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಈ ವರ್ಷ ಮುಂಡಪ್ಪ ಅಂಗಳದ ಪಾಚಿಯಲ್ಲಿ ಜಾರಿ ಮೊಣಕಾಲು ಉಳುಕಿಸಿಕೊಂಡಿದ್ದ. ಕಾಲು ಊರಬಾರದು ಎಂದು ಡಾಕ್ಟರು ಹೇಳಿದ್ದರು. "ಅಂಗಳಕ್ಕೆ ಇಳಿದದ್ದು ಗೊತ್ತಾದರೆ ಇನ್ನೊಂದು ಕಾಲನ್ನೂ ನಾನೇ ಮುರಿಯುತ್ತೇನೆ ಮುಂಡಪ್ಪಣ್ಣ" ಎಂದು ನೀಲಕ್ಕ ಹೇಳಿದ್ದಳು. ಹಾಗಾದರೆ ತೊಗಟೆ ತರುವವರು ಯಾರು? ಮಾಷ್ಟ್ರಿಗೆ ಜಿಗಣೆ ಎಂದರೆ ಹೆದರಿಕೆ. ಆಗ ಶಿವಪುತ್ರ ತಾನೇ ಮುಂದೆ ಬಂದ. "ನಾ ತರ್ತೀನ್ರಿ ನೀಲಕ್ಕಾರ. ದಿನಾ ಗಿಡಗಂಟಿ ಸಂದ್ಯಾಗ ತಿರಗಾಂವ ನಾನು. ಎರಡೂವರಿ ತಿಂಗಳಾತು ನಿಮ್ಮ ಗಂಜಿ ಉಣ್ಣಾಕತ್ತು, ಇಷ್ಟಾದ್ರೂ ಮಾಡೇನಿ."

ಹಿಂದಿನ ಸಂಜೆ ನೀಲಕ್ಕ ಅವನನ್ನು ಕರೆದುಕೊಂಡು ಮನೆಯ ಹಿಂದಿನ ಗುಡ್ಡೆ ಹತ್ತಿದಳು. ತಿರುವಿನಲ್ಲಿ ಹಾಲೆ ಮರ. ತನ್ನ ಹಳೆಯ ಸೀರೆಯ, ಹಳದಿ ಅಂಚಿನ ಕೆಂಪು ತುಂಡೊಂದನ್ನು ಅದಕ್ಕೆ ಕಟ್ಟಿದಳು. "ಕೆಂಪು ಬಟ್ಟೆ ಕಟ್ಟಿದ ಮರ. ಜಜ್ಜಿದರೆ ಬಿಳಿ ಹಾಲು ಬರ್ತದೆ, ಕೈಗೆ ಅಂಟುತ್ತದೆ. ಗೊತ್ತಾಯ್ತಲ್ಲ? ಬೇರೆ ಮರ ಮುಟ್ಟಬೇಡ ಮಾರಾಯ" ಎಂದಳು. ಅವನು ಗೊತ್ತಾಯಿತೆಂದು ತಲೆ ಅಲ್ಲಾಡಿಸಿದ.

ಬೆಳಿಗ್ಗೆ ಅವನು ತಡವಾಗಿ ಬಂದ. ನೀಲಕ್ಕ ಬೆಣಚುಕಲ್ಲನ್ನು ಕೆಂಡದಲ್ಲಿ ಕಾಯಿಸಿ, ಕಾಳುಮೆಣಸು ಬೆಳ್ಳುಳ್ಳಿ ಓಮ ಜಜ್ಜಿಟ್ಟು ಕಾದಳು, ಕಾದಳು. ಮೂಡಣ ಬೆಳ್ಳಗಾಗತೊಡಗಿತು. ಕೊನೆಗೆ ಶಿವಪುತ್ರ ಬಾಳೆಎಲೆಯ ಕಟ್ಟು ಹಿಡಿದು ನೆನೆದು ತೊಪ್ಪೆಯಾಗಿ ಅಂಗಳಕ್ಕೆ ಬಂದಾಗ ಅವಳ ಕೋಪ ನೆತ್ತಿಗೇರಿತ್ತು. "ಸೂರ್ಯ ಬಂದ ಮೇಲೆ ಕುಡಿದರೆ ಎಂತ ಫಲ? ಇಷ್ಟು ಹತ್ತಿರದ ಮರಕ್ಕೆ ಹೋಗಿ ಬರಲಿಕ್ಕೆ ಇಷ್ಟು ಹೊತ್ತಾ? ಘಟ್ಟದ ಮೇಲಿನವರ ಉದಾಸೀನ ಅಂದರೆ ಇದೇ!" ಅವನು ತಲೆ ತಗ್ಗಿಸಿ, "ಮಳಿ ಭಾಳ ಇತ್ರಿ" ಎಂದಷ್ಟೇ ಹೇಳಿದ.

ಅರೆದು ಹಿಂಡಿ, ಕಾದ ಕಲ್ಲನ್ನು ಚುಂಯ್ ಎನ್ನಿಸಿ, ಗ್ಲಾಸಿಗೆ ಹೊಯ್ದಳು. ಮೊದಲು ತಾನು ಕುಡಿದಳು. ಜ್ಯೋತ್ಸ್ನಾ ಕುಡಿದಳು, ಮಾಷ್ಟ್ರು ಅವಳ ಕಣ್ಣೆದುರೇ ಕುಡಿದರು. ದಿನದ ಮೊದಲ ಬಾಡಿಗೆಗೆ ಹೊರಟ ಆಟೋದ ಉಮ್ಮರ್ ಪ್ರತಿ ವರ್ಷದಂತೆ ಗೇಟಿನಲ್ಲಿ ನಿಲ್ಲಿಸಿ ಒಂದು ಗ್ಲಾಸು ಕುಡಿದು ಹೋದ. ಕಸ್ತೂರಿ "ನಂಗ ಬ್ಯಾಡ್ರಿ" ಎಂದಳು. "ನನ್ನ ಲೈನಿನಲ್ಲಿ ಇರುವವರು ಕುಡಿಯಲೇಬೇಕು" ಎಂದು ನೀಲಕ್ಕ ಕುಡಿಸಿಯೇ ಬಿಟ್ಟಳು. ಓಡುತ್ತಿದ್ದ ಪ್ರಾಪ್ತಿಯನ್ನು ಹಿಡಿದು, ಮೂಗು ಮುಚ್ಚಿ, ಎರಡು ಗುಟುಕು ಇಳಿಸಿ, ಬಾಯಿಗೆ ಬೆಲ್ಲ ತುರುಕಿದಳು. ಶಿವಪುತ್ರ ಕೊನೆಗೆ ಕುಡಿದ. ಅಷ್ಟರಲ್ಲಿ ಫೋನು. ಮಡಂತ್ಯಾರಿನ ಕಡೆ ಮರ ಬಿದ್ದು ತಂತಿ ಕಡಿದಿದೆ, ಜನ ಸಾಲದು. ಮೆಂತೆ ಗಂಜಿಯನ್ನೂ ಉಣ್ಣದೆ ಅವನು ಬೈಕು ಹತ್ತಿ ಹೋದ.

ಗಂಜಿ ಉಂಡ ಮೇಲೆ ನೀಲಕ್ಕನಿಗೆ ಸೀರೆಯ ತುಂಡು ನೆನಪಾಯಿತು. ಒಳ್ಳೆಯ ಗಟ್ಟಿ ಬಟ್ಟೆ, ಮರಕ್ಕೆ ಯಾಕೆ ಬಿಡುವುದು, ಒಲೆಯ ಪಾತ್ರೆ ಇಳಿಸಲಿಕ್ಕಾದರೂ ಆದೀತು ಎಂದು ಕೊಡೆ ಹಿಡಿದು ಗುಡ್ಡೆ ಹತ್ತಿದಳು. ತುಂಡು ಅಲ್ಲೇ ಇತ್ತು. ಬಿಚ್ಚಲು ಕೈ ಚಾಚಿದವಳು ಹಾಗೆಯೇ ನಿಂತಳು. ಹಾಲೆ ಮರದ ಮೈಯಲ್ಲಿ ಒಂದು ಗೀರೂ ಇರಲಿಲ್ಲ.

ಸುತ್ತ ನಡೆದು ನೋಡಿದಳು. ಹಿಂದೆ ಇಲ್ಲ, ಬುಡದಲ್ಲಿ ಇಲ್ಲ, ಕೈಗೆಟಕುವ ಎತ್ತರದಲ್ಲೂ ಇಲ್ಲ. ಹಾಗಾದರೆ ಅವನು ತಂದದ್ದು ಎಲ್ಲಿಂದ? ಕಣ್ಣೆತ್ತಿ ಸ್ವಲ್ಪ ಮೇಲೆ, ಕರೆಂಟಿನ ತಂತಿ ಹೋಗುವ ಕಡೆ ನೋಡಿದಳು. ಅಲ್ಲಿ ಇನ್ನೊಂದು ಮರದ ಸೊಂಟಕ್ಕೆ ಇನ್ನೊಂದು ಕೆಂಪು ಬಟ್ಟೆ! ತಂತಿಗೆ ತಾಗುವ ಕೊಂಬೆ ಕಡಿಯಬೇಕಾದ ಮರಕ್ಕೆ ಕರೆಂಟಿನ ಲೈನಿನವರು ಕಟ್ಟಿಹೋಗುವ ಗುರುತು ಅದು. ಕಳೆದ ವಾರ ಶಿವಪುತ್ರನೇ ಕಟ್ಟಿದ್ದ. ಆ ಬಟ್ಟೆಯ ಕೆಳಗೆ ಅಂಗೈಯಷ್ಟು ಅಗಲ ತೊಗಟೆ ಎದ್ದುಹೋಗಿತ್ತು. ಹಸಿ ಗಾಯ. ಬುಡದಲ್ಲಿ ಜಜ್ಜಿದ ಕಲ್ಲು ಬಿದ್ದಿತ್ತು.

ಅದು ಕಾಸರ್ಕನ ಮರ.

ಕೊಡೆ ಎಲ್ಲಿ ಬಿತ್ತೋ. ಅವಳಿಗೆ ನೆನಪಾದದ್ದು ಪ್ರಾಪ್ತಿಯ ಪುಟ್ಟ ಮೂಗು, ಅದನ್ನು ಒತ್ತಿ ಹಿಡಿದ ತನ್ನದೇ ಎರಡು ಬೆರಳು. ನನ್ನ ಕೈಯಿಂದಲೇ ಕುಡಿಸಿದೆನಲ್ಲ, ಬೇಡ ಎಂದವಳಿಗೂ ಕುಡಿಸಿದೆನಲ್ಲ! ಜಾರುತ್ತ, ಏಳುತ್ತ ಗುಡ್ಡೆ ಇಳಿದಳು. ಅವಳು ಹಾಕಿದ ಬೊಬ್ಬೆಗೆ ಲೈನಿನ ಮೂರೂ ಬಾಗಿಲು ಒಟ್ಟಿಗೆ ತೆರೆದವು.

"ಕಾಸರ್ಕ! ನಾವು ಕುಡಿದದ್ದು ಕಾಸರ್ಕ!"

ಮುಂದಿನದನ್ನು ಹೇಗೆ ಹೇಳುವುದು? ಜ್ಯೋತ್ಸ್ನಾ ಮಗುವನ್ನು ಎತ್ತಿಕೊಂಡು ರಸ್ತೆಗೆ ಓಡಿದಳು. ಮಾಷ್ಟ್ರು ಯಾರೂ ಹೇಳದೆ ಒಂದು ಚೊಂಬು ಉಪ್ಪುನೀರು ಕುಡಿದು ಬಚ್ಚಲಿನಲ್ಲಿ ವಾಂತಿ ಮಾಡತೊಡಗಿದರು. ಕಸ್ತೂರಿ ಗೋಡೆ ಹಿಡಿದು ನಿಂತಿದ್ದಳು. ನೀಲಕ್ಕ ಅವಳ ಭುಜ ಅಲುಗಿಸಿ, "ಅವನು ಬೆಳಿಗ್ಗೆ ಎಂತ ಹೇಳಿದ? ಎಲ್ಲಿಂದ ತಂದನಂತೆ?" ಎಂದು ಕೇಳಿದಳು.

"ಏನೂ ಹೇಳ್ಲಿಲ್ರಿ. ಬಂದವ್ರು ಒಳಗ ಬರ್ಲಿಲ್ಲ. ಆ ಕಟ್ಟು ತೊಡಿ ಮ್ಯಾಲ ಇಟ್ಕೊಂಡು ಹಿಂದಿನ ಕಟ್ಟಿ ಮ್ಯಾಲ ಕುಂತಿದ್ರು. ಕತ್ತಲಾಗ, ಮಳ್ಯಾಗ. ಯಾಕ್ರಿ ಅಂದ್ರ, ನೀ ಮಕ್ಕೋ ಅಂದ್ರು. ಭಾಳ ಹೊತ್ತು ಕುಂತಿದ್ರು ನೀಲಕ್ಕಾರ."

ಇದನ್ನು ಕೇಳಿ ನೀಲಕ್ಕ ಅವಳ ಭುಜ ಬಿಟ್ಟಳು. ಹಾಗಾದರೆ ಅವನಿಗೆ ಸಂಶಯ ಇತ್ತು. ಸಂಶಯ ಇಟ್ಟುಕೊಂಡೇ ತಂದುಕೊಟ್ಟ, ಬೈಗುಳಕ್ಕೆ ಹೆದರಿ ಬಾಯಿ ಬಿಡಲಿಲ್ಲ. ಅವನಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಇದಕ್ಕೆ ಎಂತ ಮಾಡುವುದೆಂದು ಮುಂಡಪ್ಪನನ್ನಾದರೂ ಕೇಳುವ ಎಂದು ಮೇಲಿನ ಮನೆಯತ್ತ ಕೂಗಿದಳು. ಪಕ್ಕದ ಸುಂದರಿ ಬೇಲಿಯಿಂದ ಉತ್ತರಿಸಿದಳು: "ಮುಂಡಪ್ಪಣ್ಣ ಇಲ್ಲ ನೀಲಕ್ಕ. ಬೆಳಿಗ್ಗೆ ಎದ್ದು ನೋಡುವಾಗ ಮೊಣಕಾಲ ಗಂಟು ಊದಿ ಕುಂಬಳಕಾಯಿ ಆಗಿದೆಯಂತೆ. ಮಗಳು ಮೂಡುಬಿದಿರೆಗೆ, ಆ ಎಲುಬಿನ ಪಂಡಿತರಲ್ಲಿಗೆ ಕರೆದುಕೊಂಡು ಹೋದಳು." ಮುಂಡಪ್ಪನಿಗೆ ಮೊಬೈಲು ಇಲ್ಲ. ಮಗಳ ನಂಬರು ಸುಂದರಿಯ ಹತ್ತಿರವೂ ಇಲ್ಲ.

ಬೊಬ್ಬೆ ಕೇಳಿ ಬಂದ ಉಮ್ಮರ್ ಎಲ್ಲರನ್ನೂ ತನ್ನ ಆಟೋದಲ್ಲಿ ತುಂಬಿಕೊಂಡು ಬೆಳ್ತಂಗಡಿಯ ಆಸ್ಪತ್ರೆಗೆ ಮುಟ್ಟಿಸಿದ. ಅಲ್ಲಿ ಕುಡಿದವರನ್ನು ಸಾಲಾಗಿ ಮಲಗಿಸತೊಡಗಿದರು. ಚಿಕ್ಕ ಪ್ರಾಯದ ಡಾಕ್ಟರಮ್ಮ ಪ್ರಾಪ್ತಿಯ ಕಣ್ಣಿಗೆ ಟಾರ್ಚು ಬಿಟ್ಟರು, ಕಾಲು ಕೈ ಮಡಚಿ ನೋಡಿದರು. ಉಪ್ಪುನೀರು ಕುಡಿದದ್ದಕ್ಕೆ ಮಾಷ್ಟ್ರಿಗೆ ಚೆನ್ನಾಗಿ ಬೈದರು. "ಸದ್ಯಕ್ಕೆ ಯಾರಿಗೂ ಏನೂ ಕಾಣುತ್ತಿಲ್ಲ. ಆದರೆ ಕಾಸರ್ಕ ಆದರೆ ನಂಬಲಿಕ್ಕಾಗುವುದಿಲ್ಲ. ಮಗು ಬೇರೆ. ಯಾವ ಮರದ್ದು ಅಂತ ಖಚಿತ ಗೊತ್ತಾಗಬೇಕು. ತೊಗಟೆ ಉಳಿದಿದೆಯಾ?"

ಉಳಿದಿರಲಿಲ್ಲ. ಹಿಂಡಿದ ಚರಟವನ್ನು ನೀಲಕ್ಕ ತೋಡಿಗೆ ಎಸೆದಿದ್ದಳು. ತೋಡು ತುಂಬಿ ಹರಿಯುತ್ತಿತ್ತು.

"ಹಾಗಾದರೆ ತಂದವರನ್ನು ಕರೆಸಿ."

ಪ್ರಾಪ್ತಿ ಹಾಸಿಗೆಯ ಮೇಲೆ ಕುಳಿತು, "ಅಜ್ಜಿ, ನಂಗೆ ಹಸಿವಾಗ್ತದೆ" ಎಂದಳು. ನೀಲಕ್ಕನಿಗೆ ಅವಳ ಮುಖ ನೋಡಲಾಗಲಿಲ್ಲ. "ನೀವೂ ಮಲಗಬೇಕು ಅಮ್ಮ" ಎಂದು ನರ್ಸ್ ಸಜ್ನಾ ಹೇಳುತ್ತಿದ್ದಂತೆಯೇ, ಮೂತ್ರಕ್ಕೆ ಹೋಗಿ ಬರ್ತೇನೆ ಎಂದು ಹೊರಟು, ನೇರ ಗೇಟಿನ ಹೊರಗೆ ಬಂದು, ಅಲ್ಲೇ ನಿಂತಿದ್ದ ಉಮ್ಮರನ ಆಟೋ ಹತ್ತಿದಳು.

"ಮಡಂತ್ಯಾರು. ಬೇಗ ಹೋಗುವ."

ಉಮ್ಮರ್ ಗಾಡಿ ಬಿಟ್ಟ. ಗುರುವಾಯನಕೆರೆ ದಾಟುವವರೆಗೆ ಅವನು ಕನ್ನಡಿಯಲ್ಲಿ ಅವಳನ್ನು ನೋಡುತ್ತಲೇ ಇದ್ದ. "ನೀಲಕ್ಕ, ಬಾಯಿ ತೆರೆಯಲಿಕ್ಕೆ ಆಗ್ತದಾ? ದವಡೆ ಬಿಗಿ ಆಗ್ತಾ ಉಂಟಾ? ಮಾತಾಡ್ತಾ ಇರಿ ದಮ್ಮಯ್ಯ, ನಿಲ್ಲಿಸಬೇಡಿ." ನೀಲಕ್ಕನಿಗೆ ಮಾತಾಡಿ ಎಂದು ಯಾರಾದರೂ ಹೇಳಿದ್ದು ಅವಳ ಆಯುಷ್ಯದಲ್ಲಿ ಅದೇ ಮೊದಲು. ಆದರೆ ಅವಳ ಬಾಯಿಂದ ಮಾತು ಹೊರಡಲಿಲ್ಲ. ಕೆನ್ನೆಗೆ ಕೈ ಹಚ್ಚಿ, ಬರೀ ಬಾಯಿಯನ್ನು ಎಲೆ ಅಡಿಕೆ ಜಗಿದ ಹಾಗೆ ಆಡಿಸುತ್ತ ಕುಳಿತಿದ್ದಳು. ಬಿಗಿಯಾಗುತ್ತಿದೆಯೋ, ಹೆದರಿಕೆಗೆ ಹಾಗನ್ನಿಸುತ್ತಿದೆಯೋ ತಿಳಿಯುತ್ತಿರಲಿಲ್ಲ.

ಇದ್ದಕ್ಕಿದ್ದ ಹಾಗೆ ಅವಳಿಗೆ ಹೊಳೆಯಿತು. "ಉಮ್ಮರ್, ನೀನೂ ಕುಡಿದಿದ್ದಿಯಲ್ಲ!"

"ಹೌದು ಮಾರಾಯ್ರೆ. ಅದನ್ನೇ ನಾನು ನೆನಪು ಮಾಡದೆ ಕೂತದ್ದು."

"ಮತ್ತೆ ಗಾಡಿ ಬಿಡುತ್ತೀಯಾ? ನಿಲ್ಲಿಸು! ಆಸ್ಪತ್ರೆಗೆ ಹೋಗು ನೀನು!"

"ನಿಲ್ಲಿಸಿದರೆ ನಿಮ್ಮನ್ನು ಅಲ್ಲಿಗೆ ಮುಟ್ಟಿಸುವುದು ಯಾರು? ಕೈ ಸೆಟೆದರೆ ಹೇಳ್ತೇನೆ, ಆಗ ಬ್ರೇಕ್ ಹಾಕುವ." ಅವನು ನಗಲು ನೋಡಿದ. ಕನ್ನಡಿಯಲ್ಲಿ ಅವನ ಹಣೆಯ ಬೆವರು ನೀಲಕ್ಕನಿಗೆ ಕಂಡಿತು. ಮನೆಯಲ್ಲಿ ಹೆಂಡತಿ ಮಕ್ಕಳಿರುವ ಮನುಷ್ಯ. ಇವನಿಗೂ ಕೊಟ್ಟದ್ದು ನಾನೇ.

ಮಡಂತ್ಯಾರು ಪೇಟೆಯಲ್ಲಿ ಕರೆಂಟು ಇರಲಿಲ್ಲ. ಲೈನಿನವರು ಬಂಟ್ವಾಳ ರಸ್ತೆಯಲ್ಲಿ ಇನ್ನೂ ಮುಂದೆ ಹೋಗಿದ್ದಾರೆ, ಪುಂಜಾಲಕಟ್ಟೆಯ ಕಡೆ ಎಂದು ಅಂಗಡಿಯವನೊಬ್ಬ ಹೇಳಿದ. ಮತ್ತೆ ಹೊರಟರು. ಒಂದು ತಿರುವಿನಲ್ಲಿ ರಸ್ತೆಗೆ ಅಡ್ಡ ಬಿದ್ದ ಮರ, ಕಂಪೆನಿಯ ಜೀಪು, ಹಗ್ಗ ಹಿಡಿದು ನಿಂತ ನಾಲ್ಕು ಜನ. ಕಂಬದ ತುದಿಯಲ್ಲಿ, ಸೊಂಟಕ್ಕೆ ಬೆಲ್ಟು ಬಿಗಿದು ತಂತಿಗೆ ಕೈ ಚಾಚಿದ್ದವನು ಶಿವಪುತ್ರ.

ನೀಲಕ್ಕ ಆಟೋ ನಿಲ್ಲುವ ಮೊದಲೇ ಇಳಿದಳು. ಎದೆ ತುಂಬ ಉಸಿರೆಳೆದುಕೊಂಡಳು. ಆ ಸ್ವರ ಹೊರಟಿದ್ದರೆ ಪುಂಜಾಲಕಟ್ಟೆಗೂ ಕೇಳುತ್ತಿತ್ತು. ಅಷ್ಟರಲ್ಲಿ ಕೆಳಗಿದ್ದ ನಡುವಯಸ್ಸಿನ ಮೇಸ್ತ್ರಿ, ಅಬ್ದುಲ್ ಶುಕೂರ್ ಎಂಬವನು, ಓಡಿಬಂದು ಎರಡೂ ಕೈ ಅಡ್ಡ ಹಿಡಿದ. "ಕೂಗಬೇಡಿ ಅಮ್ಮ! ಕಂಬದಲ್ಲಿ ಇರುವವನ ಹೆಸರು ಹಿಡಿದು ಕರೆಯಬಾರದು. ಒಮ್ಮೆ ತಿರುಗಿ ನೋಡಿದರೆ ಸಾಕು, ಕೈ ತಪ್ಪುತ್ತದೆ. ಕಂಬ ಒದ್ದೆ ಉಂಟು."

"ನನ್ನ ಮೊಮ್ಮಗಳು…"

"ಯಾರೇ ಇರಲಿ. ಅವನು ಕೆಲಸ ಮುಗಿಸಿ ತಾನಾಗಿ ಇಳಿಯಬೇಕು. ಕಾಯಿರಿ."

ಕಾಯಬೇಕಂತೆ! ಅತ್ತ ಆಸ್ಪತ್ರೆಯಲ್ಲಿ ಮಗು, ಇತ್ತ ಇವಳ ಹೊಟ್ಟೆಯಲ್ಲೂ ಅದೇ ಕಹಿ, ಮೇಲೆ ಉತ್ತರ ಗೊತ್ತಿರುವ ಒಬ್ಬನೇ ಒಬ್ಬ ಮನುಷ್ಯ. ನಡುವೆ ಇರುವುದು ಒಂದು ಕಂಬದ ಎತ್ತರ. ನೀಲಕ್ಕ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಮಳೆ ಹನಿ ಕಣ್ಣಿಗೆ ಬೀಳುತ್ತಿದ್ದರೂ ಕತ್ತು ಇಳಿಸಲಿಲ್ಲ. ಅವನು ಒಂದು ಕೈಯಿಂದ ತಂತಿ ಎಳೆದ. ಸಿಗಲಿಲ್ಲ. ಮತ್ತೆ ಎಳೆದ. ಕಾಲು ಸ್ವಲ್ಪ ಜಾರಿತು, ಬೆಲ್ಟು ಹಿಡಿಯಿತು. ನೀಲಕ್ಕನ ಗಂಟಲಿನವರೆಗೆ ಬಂದ ಕೂಗು ಸೆರಗಿನಲ್ಲೇ ಉಳಿಯಿತು. ಹಾಳಾದವನೇ, ಬೇಗ ಇಳಿ. ಅಲ್ಲ, ಬೇಡ, ನಿಧಾನ ಇಳಿ ಮಗಾ, ನಿಧಾನ.

ಕೊನೆಗೂ ಅವನು ಇಳಿದ. ನೆಲಕ್ಕೆ ಕಾಲಿಟ್ಟು ತಿರುಗಿದವನು ಅವಳನ್ನು ಕಂಡು ಬೆಚ್ಚಿಬಿದ್ದ. "ನೀಲಕ್ಕಾರ! ಕಸ್ತೂರಿಗೆ ಏನರ ಆತೇನ್ರಿ?"

ಅವಳು ಅವನ ಅಂಗಿಯ ಎದೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದಳು. "ತೊಗಟೆ ಯಾವ ಮರದ್ದು? ಸತ್ಯ ಹೇಳು. ಮೇಲಿನ ಮರದ್ದಾ? ನೀನು ಬಟ್ಟೆ ಕಟ್ಟಿದ ಮರದ್ದಾ?"

ಶಿವಪುತ್ರನ ಮುಖ ಬಿಳುಚಿತು. "ನಿಮಗ ಹೆಂಗ ಗೊತ್ತಾತ್ರಿ?"

"ಅಯ್ಯೋ!" ನೀಲಕ್ಕ ಕುಸಿದು ಕುಳಿತಳು.

"ಅಲ್ರಿ, ಅಲ್ರಿ ನೀಲಕ್ಕಾರ! ನೀವು ಕುಡದಿದ್ದು ಅದಲ್ರಿ! ಪೂರಾ ಕೇಳ್ರಿ." ಅವನೂ ಮೊಣಕಾಲೂರಿ ಕುಳಿತ. "ಹೌದ್ರಿ, ಮೊದ್ಲು ಆ ಮರಕ್ಕೇ ಹೋದ್ನ್ರಿ. ಕತ್ತಲಾಗ ತಿರುವು ದಾಟಿದ್ದಽ ಗೊತ್ತಾಗ್ಲಿಲ್ಲ, ಟಾರ್ಚಿನಾಗ ಕೆಂಪ ಬಟ್ಟಿ ಕಾಣ್ತು, ನಾನಽ ಕಟ್ಟಿದ್ದು ಅಂತ ಹೊಳೀಲಿಲ್ಲ, ಜಜ್ಜಿ ತಗದೆ. ಅರ್ಧ ದಾರಿಗೆ ಬಂದ ಮ್ಯಾಲ ಕೈ ನೋಡ್ಕೊಂಡ್ರ ಅಂಟಽ ಇಲ್ಲ. ನೀವು ಅಂಟ್ತೈತಿ ಅಂದಿದ್ರಿ. ನಮ್ಮ ಕೆಲಸದಾಗ ಒಂದ ಮಾತೈತ್ರಿ, ಇನ್ನೊಬ್ಬನ್ನ ಕೇಳದಽ ತಂತಿಗೆ ಕರೆಂಟ್ ಬಿಡಬಾರ್ದು ಅಂತ. ಸೀದಾ ಮುಂಡಪ್ಪಜ್ಜಾರ ಬಾಗಲಾ ಬಡದೆ. ಅವ್ರು ಮೂಸಿ ನೋಡಿ ನನ್ನ ತಲಿ ಮ್ಯಾಲ ಒಂದ ಕೊಟ್ರು. ಅದನ್ನ ಅಲ್ಲೇ ಬೆಂಕ್ಯಾಗ ಹಾಕಿ, ನನ್ನ ಹೆಗಲಾ ಹಿಡಕೊಂಡು, ಕುಂಟಕೋತ ತಮ್ಮ ಹಿತ್ತಲದಾಗಿನ ಹಾಲೆ ಮರಕ್ಕ ಕರಕೊಂಡು ಹೋಗಿ ತಾವಽ ಜಜ್ಜಿ ಕೊಟ್ರು. ನೀಲಕ್ಕಗ ಹೇಳಿದ್ರ ನನ್ನ ಇನ್ನೊಂದು ಕಾಲೂ ಹೋಗ್ತೈತಿ, ಆಣಿ ಮಾಡು ಅಂದ್ರು. ಮಾಡಿದ್ನ್ರಿ."

ನೀಲಕ್ಕ ಕೇಳಿದಳು, ಮತ್ತೊಮ್ಮೆ ಹೇಳಿಸಿದಳು. ಕುಂಬಳಕಾಯಿಯಾದ ಗಂಟು, ಮೂಡುಬಿದಿರೆ, ಪಂಡಿತರು, ಎಲ್ಲ ಈಗ ಸಾಲಾಗಿ ಕೂತವು. ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ರಸ್ತೆಯ ಬದಿಯ ಮೋರಿಕಟ್ಟೆಯ ಮೇಲೆ ಕುಳಿತು, ಇಷ್ಟು ಜನ ನೋಡುತ್ತಿದ್ದಾರೆಂಬ ನಾಚಿಕೆಯಿಲ್ಲದೆ ಅತ್ತಳು. ಉಮ್ಮರ್ ಆಟೋದ ಹ್ಯಾಂಡಲಿಗೆ ಹಣೆಯಿಟ್ಟು, "ಅಲ್‌ಹಂದುಲಿಲ್ಲಾ" ಎಂದ. ಆಮೇಲೆ ಆಸ್ಪತ್ರೆಗೆ ಫೋನು ಮಾಡಿ ಜ್ಯೋತ್ಸ್ನಾಳಿಗೆ ಹೇಳಿದ. ಆ ಕಡೆಯಿಂದ ಮಾಷ್ಟ್ರ ಸ್ವರ ಎಲ್ಲರಿಗೂ ಕೇಳಿಸಿತು: "ಹಾಗಾದರೆ ನಾನು ವಾಂತಿ ಮಾಡಿದ್ದು ಒಳ್ಳೆಯ ಕಷಾಯವನ್ನಾ?"

ನೀಲಕ್ಕ ಮೂಗೊರೆಸಿಕೊಂಡಳು. ಅಳು ಮುಗಿದ ಕೂಡಲೇ ಕೋಪ ಬರುವುದು ಅವಳ ಕ್ರಮ. "ಆ ಮುದುಕನಿಗೆ ಉಂಟು. ಮೂಡುಬಿದಿರೆಯಿಂದ ಬರಲಿ. ಮತ್ತೆ ನೀನು! ಮುಂಡಪ್ಪಣ್ಣನೇ ಕೊಟ್ಟದ್ದಾದರೆ ನೇರ ತಂದುಕೊಡುವುದಲ್ವಾ? ಕತ್ತಲಲ್ಲಿ ಹಿಂದಿನ ಕಟ್ಟೆಯಲ್ಲಿ ಎಂತಕ್ಕೆ ಕೂತದ್ದು? ಕಸ್ತೂರಿ ಎಲ್ಲ ಹೇಳಿದ್ದಾಳೆ."

ಶಿವಪುತ್ರ ಕೈಗವಸನ್ನು ತೆಗೆದ, ಮತ್ತೆ ಹಾಕಿಕೊಂಡ.

"ಹೇಳು ಮಾರಾಯ."

"ಒಮ್ಮೆ ತಪ್ಪಿದ ಕೈ ಅಲ್ಲೇನ್ರಿ ನೀಲಕ್ಕಾರ," ಎಂದ ಅವನು ಮೆಲ್ಲಗೆ. "ಅಜ್ಜಾರ ಕಣ್ಣೂ ಮೊದ್ಲಿನಂಗ ಇಲ್ಲ. ಕತ್ತಲ, ಮಳಿ. ಪ್ರಾಪ್ತಿನೂ ಕುಡಿತಾಳ ಅಂದಿದ್ರಿ. ಅದಕ್ಕ ಒಂದ ದೊಡ್ಡ ತುಂಡು ಜಗದು ನುಂಗಿ ಕುಂತ್ನ್ರಿ. ಏನರ ಆಗೂದಿದ್ರ ನನಗಽ ಆಗ್ಲಿ, ಆಮ್ಯಾಲ ಕೊಟ್ರಾತು ಅಂತ. ಅದಕ್ಕ ತಡಾ ಆತ್ರಿ."

ನೀಲಕ್ಕನಿಗೆ ಬೆಳಗಿನ ತನ್ನ ಮಾತು ನೆನಪಾಯಿತು. ಘಟ್ಟದ ಮೇಲಿನವರ ಉದಾಸೀನ. ಇವನು ಕತ್ತಲಲ್ಲಿ ಒಬ್ಬನೇ ಕುಳಿತು ತನ್ನ ದವಡೆ ಸೆಟೆಯುತ್ತದೋ ಎಂದು ಕಾಯುತ್ತಿದ್ದಾಗ, ಇವಳು ಜಗಲಿಯಲ್ಲಿ ಕುಳಿತು ಬೈಗುಳ ಜೋಡಿಸುತ್ತಿದ್ದಳು. ಇವಳಾದರೂ ಆಟೋದಲ್ಲಿ ಉಮ್ಮರನ ಜೊತೆ ಬಾಯಿ ಆಡಿಸುತ್ತ ಬಂದಳು. ಅವನಿಗೆ ಜೊತೆಗೆ ಯಾರಿದ್ದರು?

ಸೆರಗಿನಿಂದ ಅವನ ಮುಖದ ಮಳೆನೀರು ಒರೆಸಿದಳು. ಕೊನೆಗೆ, "ಹಾಗಾದರೆ ನೀನು ಎರಡು ಸಲ ತೆಗೆದುಕೊಂಡೆಯಾ?" ಎಂದಳು.

"ಹೌದ್ರಿ. ಭಾಳ ಕಹಿ ಐತ್ರಿ ಅದು."

ಮೇಸ್ತ್ರಿ ಶುಕೂರ್ ಮುಂದಿನ ಕಂಬದ ಕಡೆ ಕೈ ತೋರಿಸಿದ. ಇನ್ನೊಂದು ತಂತಿ ಕಟ್ಟುವುದಿತ್ತು. ಶಿವಪುತ್ರ ಬೆಲ್ಟು ಬಿಗಿದುಕೊಂಡು ಹೊರಟ. ನೀಲಕ್ಕ ಅವನ ತೋಳು ಹಿಡಿದು ನಿಲ್ಲಿಸಿದಳು.

"ನೋಡು, ಬರುವ ವರ್ಷವೂ ತೊಗಟೆ ನೀನೇ ತರುವುದು. ಟ್ರಾನ್ಸ್‌ಫರ್ ಗಿನ್ಸ್‌ಫರ್ ಅಂತ ಹೇಳಿದರೆ ನಾನು ಕೇಳುವವಳಲ್ಲ. ಆದರೆ ಕುಡಿಯುವುದು ಎಲ್ಲರೂ ಒಟ್ಟಿಗೆ. ಒಬ್ಬನೇ ಮೊದಲು ಕುಡಿದದ್ದು ಗೊತ್ತಾದರೆ ನಿನ್ನ ಕಾಲು ಮುರಿಯುತ್ತೇನೆ."

"ಆತ್ರಿ" ಎಂದು ಅವನು ನಕ್ಕ, ಕಂಬ ಹತ್ತತೊಡಗಿದ.

"ಹೋಗುವ ನೀಲಕ್ಕ, ಆಸ್ಪತ್ರೆಯಲ್ಲಿ ಕಾಯ್ತಾ ಇದ್ದಾರೆ" ಎಂದ ಉಮ್ಮರ್.

"ತಡಿ. ಹುಡುಗ ಇಳಿಯಲಿ."

ಮಳೆ ಮತ್ತೆ ಸುರುವಾಯಿತು. ಉಮ್ಮರ್ ಆಟೋದ ಒಳಗೆ ಬನ್ನಿ ಎಂದರೂ ಅವಳು ಹೋಗಲಿಲ್ಲ. ಸೆರಗು ತಲೆಗೆ ಹೊದ್ದು ಕಂಬದ ಬುಡದಿಂದ ಸ್ವಲ್ಪ ದೂರ, ಮೇಸ್ತ್ರಿ ತೋರಿಸಿದ ಜಾಗದಲ್ಲಿ ನಿಂತಳು. ಅವನು ಬೆಲ್ಟು ಬದಲಾಯಿಸುವಾಗ ಅವಳ ಬಾಯಿ ಒಮ್ಮೆ ತೆರೆಯಿತು, ಹಾಗೆಯೇ ಮುಚ್ಚಿತು. ಅವನು ಕೆಳಗಿಳಿಯುವವರೆಗೆ ನೀಲಕ್ಕ ಒಂದು ಮಾತೂ ಆಡಲಿಲ್ಲ.